ಜೂಲಿಯಾ, ನೀನು ಚಿಂತಾಕಿಗೆ ಬರುವುದು ಬೇಡ

ಚಿ. ಜೂಲಿಯಾಳಿಗೆ ಆಶೀರ್ವಾದಗಳು.

ಅಮೆರಿಕದ ‘ಸೆಸಮಿ ಸ್ಟ್ರೀಟ್’ನ ಬೊಂಬೆಗಳ ಬಳಗದಲ್ಲಿ ಆಟಿಸಂ ಇರುವ ಹುಡುಗಿಯಾಗಿ ನೀನು 2017ರ ಏಪ್ರಿಲ್‌ನಲ್ಲಿ ಟಿವಿಗೆ ಬಂದೆ. ಸಂತೋಷ. ಆದರೆ ಬೀದರ್ ಜಿಲ್ಲೆಯ ಔರಾದ ತಾಲ್ಲೂಕಿನ ನಮ್ಮ ಚಿಂತಾಕಿ ಕಡೆ ತಲೆ ಹಾಕಬೇಡ ತಾಯಿ. ಇಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು.

ಹೆಸರು ಹಿಡಿದು ಕರೆದರೂ ಮಗು ತಿರುಗಿ ನೋಡುವುದಿಲ್ಲವೇ? ಕಟ್ಟೆಯ ಮೇಲೆ ಕೂತವರೆಲ್ಲ ತಜ್ಞರೇ. “ಮೊಬೈಲ್ ನೋಡಿ ನೋಡಿ ಹಿಂಗ ಆಗ್ಯಾದ.” “ಅವರಪ್ಪನೂ ತಡಾನೇ ಮಾತಾಡ್ಯಾನ, ಬಿಡ್ರಿ.” “ಯಾರದೋ ದೃಷ್ಟಿ ಬಿದ್ದದ.” ಕೊನೆಯದಕ್ಕೆ ತಾಯತವೂ ಸಿದ್ಧ. ಮದುವೆ ಮೆರವಣಿಗೆಯ ಡಿಜೆಗೆ ಮಗು ಕಿವಿ ಮುಚ್ಚಿಕೊಂಡು ಚೀರಿದರೆ ತಾಯಿಗೆ ನಾಲ್ಕು ದಿಕ್ಕಿನಿಂದ ಬುದ್ಧಿಮಾತು. ಡಿಜೆಯವನಿಗೆ ಹೇಳುವವರು ಮಾತ್ರ ಯಾರೂ ಇಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ಆಟಿಸಂ ಇದೆ. ಇರಲಿ, ಪಟ್ಟಿಗೇನು! ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನವಂತೆ. ಊರೂರಿನ ಕಟ್ಟಡಗಳಿಗೆ ನೀಲಿ ದೀಪ ಹಾಕುತ್ತಾರಂತೆ. ನಮ್ಮಲ್ಲಿ ಬೇಸಿಗೆಯಲ್ಲಿ ಇದ್ದ ದೀಪ ಉರಿದರೇ ಹಬ್ಬ.

ನಮ್ಮ ಮಕ್ಕಳ ಶಿಕ್ಷಣಕ್ಕೂ ಕೊರತೆಯಿಲ್ಲ. ಹೇಳಿದ್ದನ್ನೇ ಹೇಳುವವನು, ಎದುರಿಗಿದ್ದವರ ಮುಖ ನೋಡದವನು ಬಂದರೆ ನಗಬೇಕೆಂದು ಸಿನಿಮಾ, ಕಾಮಿಡಿ ಶೋಗಳು ಕಲಿಸಿವೆ. ಮರುದಿನ ಶಾಲೆಯ ಮೈದಾನದಲ್ಲಿ ಅದರ ಪ್ರಾಕ್ಟಿಕಲ್ ತಪ್ಪದೆ ನಡೆಯುತ್ತದೆ. ಬೇರೆ ಪಾಠ ಕಲಿಸಬಹುದಿದ್ದ ನಿನ್ನ ಬಳಗ 2006ರಲ್ಲೇ ‘ಗಲ್ಲಿ ಗಲ್ಲಿ ಸಿಮ್ ಸಿಮ್’ ಆಗಿ ಭಾರತಕ್ಕೆ ಬಂದಿತ್ತು, ಹಿಂದಿ ಮಾತಾಡುತ್ತ. ಬೀದರಿನವರಿಗೆ ಹಿಂದಿ ಹೊಸದೇನಲ್ಲ, ನಿಜ. ಆದರೆ ಆರು ವರ್ಷದ ಹುಡುಗಿ ಗೆಳತಿಯನ್ನು ಕರೆಯುವುದು “ಬಾರಾ, ಆಡಾಮು” ಎಂದೇ.

ನಿನ್ನ ಮೊದಲ ಕಂತನ್ನು ನೋಡಿದೆ. ನೀನು ಚಿತ್ರ ಬಿಡಿಸುತ್ತಿದ್ದೆ. ನಿನ್ನ ಬಳಗದ ದೊಡ್ಡ ಹಕ್ಕಿ ಬಿಗ್ ಬರ್ಡ್ ಮಾತಾಡಿಸಿದ. ನೀನು ತಲೆ ಎತ್ತಲಿಲ್ಲ. ತಾನೆಂದರೆ ಇವಳಿಗೆ ಆಗದೇನೋ ಎಂದು ಅವನು ಸಪ್ಪಗಾದ. ಹಾಗೇನಿಲ್ಲ ಎಂದು ಅಂಗಡಿಯ ಅಲನ್ ಸಮಾಧಾನವಾಗಿ ತಿಳಿಸಿದ. ಆಮೇಲೆ ಮುಟ್ಟಾಟದಲ್ಲಿ ನೀನು ಖುಷಿಗೆ ಕುಪ್ಪಳಿಸಿದೆ. ಉಳಿದವರೂ ಕುಪ್ಪಳಿಸಿದರು, ಅದೇ ಹೊಸ ಆಟವಾಯಿತು. ಯಾರೂ ಭಾಷಣ ಮಾಡಲಿಲ್ಲ, ಯಾರೂ ಅಯ್ಯೋ ಪಾಪ ಅನ್ನಲಿಲ್ಲ.

ನಿನ್ನಂಥವರು ನಮ್ಮಲ್ಲೇ ಇದ್ದಾರೆ, ಹಾಗಾಗಿ ನೀನು ಬರುವುದು ಬೇಡ. ಆ ಬಿಗ್ ಬರ್ಡ್‌ನನ್ನು ಕಳಿಸು. ತಪ್ಪು ತಿಳಿದುಕೊಳ್ಳುವುದರಲ್ಲಿ ನಾವೂ ಅವನಷ್ಟೇ ಚುರುಕು. ಆಮೇಲೆ ಕೇಳಿ ತಿಳಿದುಕೊಳ್ಳುವವನು ಅವನೊಬ್ಬನೇ. ಕಳಿಸುವ ಮೊದಲು ಕನ್ನಡ ಕಲಿಸಿಬಿಡು. ನಮ್ಮ ಕಡೆಯದು.

ಇಂತಿ,
ಚಿಂತಾಕಿಯ ಒಬ್ಬ ತಜ್ಞ