ಹೊಟ್ಟೆಯ ಲೆಕ್ಕ ಊರಿಗೆಲ್ಲ

ಈಗ ಶಿಗ್ಗಾವಿಯ ಚಹಾದಂಗಡಿಯಲ್ಲಿ ಫೋನಿನಿಂದ ದುಡ್ಡು ಕೊಟ್ಟರೆ ಗಲ್ಲೆಯ ಮೇಲಿನ ಪುಟ್ಟ ಡಬ್ಬಿ 'ಹತ್ತು ರೂಪಾಯಿ ಬಂದಿದೆ' ಎಂದು ಬೀದಿಗೆಲ್ಲ ಸಾರುತ್ತದೆ. ನನಗಿದು ಹೊಸದಲ್ಲ. ಹಳೆಯ ಹೋಟೆಲುಗಳಲ್ಲಿ ಸಪ್ಲಾಯರನ ಗಂಟಲೇ ಬಿಲ್ಲು. 'ಹಿಂದ ಬರೋ ಬಕ್ಕತಲೆ, ನಾಕು ಮಿರ್ಚಿ, ಎರಡು ಗಿರ್ಮಿಟ್, ಒಂದು ಚಾ!' ಮನೆಯಲ್ಲಿ ಪಥ್ಯದ ಗಂಜಿ ಕುಡಿದು ಬಂದವನ ಗುಟ್ಟು, ಅವನು ಗಲ್ಲೆ ಮುಟ್ಟುವ ಮುಂಚೆಯೇ ಹಾನಗಲ್ಲಿನ ಸಂತೆ ಮುಟ್ಟುತ್ತಿತ್ತು.

ಗಿರ್ಮಿಟ್ ಕಾಯುವ ಜಾತಿಯದಲ್ಲ. ಚುರುಮುರಿಗೆ ಉಳ್ಳಾಗಡ್ಡಿ, ಹುಣಸೆ, ಬೆಲ್ಲದ ಒಗ್ಗರಣೆ ಕಲಸಿ, ಪುಠಾಣಿ ಹಿಟ್ಟು ಉದುರಿಸಿ ಕೊಟ್ಟ ಕ್ಷಣವೇ ತಿನ್ನಬೇಕು. 'ರಾಜಕೀಯ ಮಾತಾಡಬಾರದು' ಎಂಬ ಗೋಡೆಬರಹ ದೇಶದ ಶಾಂತಿಗಲ್ಲ, ಚುರುಮುರಿ ಮೆತ್ತಗಾಗದಿರಲಿ ಎಂದೇ ನನ್ನ ನಂಬಿಕೆ.

ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಭತ್ತ-ರಾಗಿಯ ವ್ಯಾಜ್ಯಕ್ಕೆ ರಾಮನ ಸಭೆಯನ್ನೇ ಒದಗಿಸಿದರು. ಮಿರ್ಚಿ ಮೊದಲೋ ಗಿರ್ಮಿಟ್ ಮೊದಲೋ ಎಂಬ ನನ್ನ ವ್ಯಾಜ್ಯಕ್ಕೆ ಯಾವ ಪಂಚರೂ ಸಿಗದೆ, ಎರಡನ್ನೂ ಒಟ್ಟಿಗೇ ಇತ್ಯರ್ಥ ಮಾಡುತ್ತಿದ್ದೆ.

ಸವಣೂರಿನಲ್ಲಿ ನವಾಬರ ಆಳ್ವಿಕೆ 1948ರಲ್ಲಿ ಮುಗಿಯಿತು. ಸವಣೂರು ಖಾರದ ಆಳ್ವಿಕೆ ಇನ್ನೂ ನಡೆದಿದೆ. ಒಂದು ಹಿಡಿ ಬಾಯಿಗೆ ಬಿದ್ದರೆ ಕಣ್ಣು, ಮೂಗು ತಾವೇ ಕಪ್ಪ ಕಾಣಿಕೆ ಒಪ್ಪಿಸುತ್ತವೆ. ಉರಿ ಆರಿಸಲು ಅದೇ ಊರಿನ ಹೆಸರಾಂತ ವೀಳ್ಯದೆಲೆ ಇದೆ. ಎಲೆ ಮುಗಿದ ಮೇಲೆ ಮತ್ತೆ ಖಾರ ನೆನಪಾಗುವುದು ನಾಲಿಗೆಯ ತಪ್ಪು, ನನ್ನದಲ್ಲ.

ವೈದ್ಯರೀಗ ಎಣ್ಣೆ ಬಿಡಲು ಹೇಳಿದ್ದಾರೆ. ಹಿರೇಕೆರೂರಿನ ಖಾನಾವಳಿ ಬಿಡಲು ಹೇಳಿಲ್ಲವಲ್ಲ! ಜೋಳದ ರೊಟ್ಟಿ ನನ್ನ ಲೆಕ್ಕಕ್ಕೆ, ಎಣಗಾಯಿಯ ಎಣ್ಣೆ ಬದನೆಕಾಯಿಯ ಲೆಕ್ಕಕ್ಕೆ.