ಚೆಂಡು ವಾಪಸ್ ಕೊಡಲಾಗುವುದಿಲ್ಲ

ಬೆಂಗಳೂರಿನ ನಮ್ಮ ಬಡಾವಣೆಯ ಸಮಸ್ತ ಚಿಣ್ಣರಿಗೆ, ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಕಾರ್ಯದರ್ಶಿ ಮಾಡುವ ಆಶೀರ್ವಾದಗಳು.

ಮೊನ್ನೆ ಭಾನುವಾರ ನಮ್ಮ ಖಜಾಂಚಿಯವರ ಕಾರಿನ ಬಾನೆಟ್ ಮೇಲೆ ಟೆನಿಸ್ ಬಾಲ್ ಬಿದ್ದಿದೆ. ಕಾರಿಗೆ ಏನೂ ಆಗಿಲ್ಲ, ಖಜಾಂಚಿಯವರ ಮನಸ್ಸಿಗೆ ಆಗಿದೆ. ಕಾರು ನಿಂತಿದ್ದು ಫುಟ್‌ಪಾತ್ ಮೇಲಲ್ವಾ ಅಂಕಲ್ ಎಂದು ನಿಮ್ಮಲ್ಲೊಬ್ಬಳು ಎದುರುತ್ತರ ಬೇರೆ ಕೊಟ್ಟಳಂತೆ. ಅಲ್ಲಮ್ಮಾ, ರಸ್ತೆಯಲ್ಲಿ ನಿಲ್ಲಿಸಿದರೆ ಉಳಿದ ಕಾರುಗಳಿಗೆ ತೊಂದರೆಯಾಗುವುದಿಲ್ಲವೇ? ಈ ಊರಿನ ವಾಹನಗಳು ಕೋಟಿ ದಾಟಿವೆ. ಅವಕ್ಕೂ ಬಯಲಲ್ಲಿ ಓಡಾಡಿ, ಮರದ ನೆರಳಲ್ಲಿ ನಾಲ್ಕು ಗಳಿಗೆ ನಿಲ್ಲುವ ಆಸೆ ಇರುತ್ತದೆ.

ಪಾರ್ಕಿನ ಬಗ್ಗೆಯೂ ನಿಮ್ಮ ತಕರಾರಿದೆ. ಉದ್ಯಾನಗಳು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕೆಂದು ಪಾಲಿಕೆ 2024ರಲ್ಲಿ ಹೇಳಿದ್ದು ನಿಜ. ಹೇಳಿದ ಪಾಲಿಕೆಯೇ 2025ರಲ್ಲಿ ಐದು ಹೋಳಾಯಿತು. ಗೇಟಿನ ಬೀಗದ ಕೈ ಮಾತ್ರ ಒಂದೇ, ಅದು ನಮ್ಮ ವಾಚ್‌ಮನ್ ಸೊಂಟದಲ್ಲಿದೆ. ಅವನು ಬೆಳಗ್ಗೆ ಹತ್ತಕ್ಕೆ ಬೀಗ ಜಡಿದರೆ ತೆಗೆಯುವುದು ಸಂಜೆ ನಾಲ್ಕಕ್ಕೆ. ಒಳಗೆ ಬಂದವರು ದಯವಿಟ್ಟು ಬೋರ್ಡು ಓದಿ: ಚೆಂಡಾಟ ನಿಷೇಧ, ಸೈಕಲ್ ನಿಷೇಧ, ಓಡುವುದು ನಿಷೇಧ, ಹುಲ್ಲಿನ ಮೇಲೆ ಕಾಲಿಡಬಾರದು, ಗಲಾಟೆ ಮಾಡಬಾರದು. ನಗೆಕೂಟದ ಹಿರಿಯರು ಎರಡೂ ಕೈ ಮೇಲೆತ್ತಿ ಹಾ ಹಾ ಎಂದು ಗಹಗಹಿಸುವುದು ಗಲಾಟೆಯಲ್ಲ, ಚಿಕಿತ್ಸೆ. ಜೋಕಾಲಿಯ ಸರಪಳಿಯನ್ನು ಮೇಲಿನ ಕಂಬಿಗೆ ಸುತ್ತಿ ತಂತಿ ಬಿಗಿದಿದ್ದೇವೆ, ಬಿಚ್ಚಬೇಡಿ. ತೂಗಿದಾಗ ಅದು ಕಿರ್ರೋ ಎನ್ನುತ್ತಿತ್ತು. ಎಣ್ಣೆ ಬಿಡಲು ಸಮಿತಿಯ ಠರಾವು ಬೇಕು, ತಂತಿ ಬಿಗಿಯಲು ಬೇಡ.

ಸ್ಕೂಲಿಗೆ ನಡೆದೇ ಹೋಗುತ್ತೇವೆ ಎನ್ನುವ ಹಟಮಾರಿಗಳೂ ಇದ್ದೀರಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಫುಟ್‌ಪಾತಿನ ಅಂಚು 150 ಮಿಲಿಮೀಟರಿಗಿಂತ ಎತ್ತರ ಇರಬಾರದು, ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬಿಟ್ಟಿರಬೇಕು. ನಮ್ಮ ಮೇನ್ ರೋಡಿನಲ್ಲಿ ಅಂಚು ಒಂದನೇ ಕ್ಲಾಸಿನವರ ಮೊಣಕಾಲಿಗೆ ಬರುತ್ತದೆ. ಬ್ಯಾಗ್ ಸಮೇತ ಹತ್ತಿದರೆ ಎದುರಿಗೆ ಟ್ರಾನ್ಸ್‌ಫಾರ್ಮರ್, ಇಳಿದು ಮತ್ತೆ ಹತ್ತಿದರೆ ಬಾಯಿ ತೆರೆದ ಮೋರಿ ಚಪ್ಪಡಿ, ಅದನ್ನು ಹಾರಿದರೆ ಬೆನ್ನ ಹಿಂದೆಯೇ ಹಾರ್ನ್ ಹೊಡೆಯುವ ಸ್ಕೂಟರ್. ಹತ್ತುವುದು, ಜಾರುವುದು, ಹಾರುವುದು ಎಲ್ಲವೂ ದಾರಿಯಲ್ಲೇ ಪುಕ್ಕಟೆ ಸಿಗುವಾಗ ಪಾರ್ಕು ಯಾಕ್ರೋ?

ನಿಮ್ಮ ಸಮಾಜದ ಮೇಷ್ಟ್ರು ನೆದರ್ಲೆಂಡ್ಸ್ ಕತೆ ಹೇಳಿ ತಲೆ ಕೆಡಿಸಿದ್ದಾರೆಂದು ತಿಳಿಯಿತು. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು ವಾಹನಕ್ಕೆ ಸಿಕ್ಕು ಸತ್ತರು. ಮಕ್ಕಳ ಕೊಲೆ ನಿಲ್ಲಿಸಿ ಎನ್ನುತ್ತ ಜನ ಬೀದಿಗಿಳಿದು ರಸ್ತೆಗೆ ಅಡ್ಡ ನಿಂತರು. ಸರ್ಕಾರ ಮಣಿಯಿತು. ಮನೆಗಳಿರುವ ಎಷ್ಟೋ ಬೀದಿಗಳಲ್ಲಿ ಕಾರು ನಡಿಗೆಯ ವೇಗಕ್ಕೆ ಇಳಿಯಬೇಕಾಯಿತು, ಮಕ್ಕಳು ಬೀದಿಯಲ್ಲೇ ಆಡತೊಡಗಿದರು. ಅಂಥ ಅಶಿಸ್ತು ನಮ್ಮಲ್ಲಿಲ್ಲ. ನಮ್ಮ ಅಪ್ಪ ಅಮ್ಮಂದಿರು ರಸ್ತೆಗೆ ಅಡ್ಡ ನಿಲ್ಲುವವರಲ್ಲ. ಸ್ಕೂಲು ಬಿಡುವ ಹೊತ್ತಿಗೆ ಕಾರನ್ನು ಅಡ್ಡ ನಿಲ್ಲಿಸುತ್ತಾರೆ, ಅಷ್ಟೆ. ಆಟ ಮಗುವಿನ ಹಕ್ಕು ಎನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲೇ ಒಪ್ಪಿಗೆ ಕೊಟ್ಟಿದೆಯಲ್ಲ ಎಂದು ಅದೇ ಮೇಷ್ಟ್ರು ಕೇಳಿದರು. ಕೊಟ್ಟಿರಬಹುದು. ನಮ್ಮ ಸಂಘ ಕೊಟ್ಟಿಲ್ಲ.

ಹಾಗೆಂದು ನಮಗೆ ನಿಮ್ಮ ಮೇಲೆ ಅಕ್ಕರೆ ಇಲ್ಲವೆಂದಲ್ಲ. ನವೆಂಬರ್ 14ರಂದು ಪಾರ್ಕಿನಲ್ಲಿ ಮಕ್ಕಳ ದಿನಾಚರಣೆ ಇಟ್ಟುಕೊಂಡಿದ್ದೇವೆ. ಭಾಷಣ ಸ್ಪರ್ಧೆಯ ವಿಷಯ, 'ಇಂದಿನ ಮಕ್ಕಳು ಮೊಬೈಲ್ ಬಿಟ್ಟು ಹೊರಗೇಕೆ ಬರುವುದಿಲ್ಲ?' ಜಾರುಬಂಡೆ ಇರುವಲ್ಲಿ ಶಾಮಿಯಾನ ಬರುತ್ತದೆ, ಆ ವಾರ ಅತ್ತ ಸುಳಿಯಬೇಡಿ. ಮುಂದಿನ ಸಾಲಿನ ಕುರ್ಚಿಗಳು ಗಣ್ಯರಿಗೆ. ಅವರ ಕಾರುಗಳಿಗೆ ಹುಲ್ಲುಹಾಸಿನ ಮೇಲೆ ವ್ಯವಸ್ಥೆಯಾಗಿದೆ.