ಮಾವನವರ ತೈಲೋತ್ತರ ಯುಗ

ನಾಗಪುರದ ರಾಮದಾಸಪೇಠ್‌ನಲ್ಲಿ ನೆಲೆಸಿರುವ ಧಾರವಾಡದ ಮಾವನವರು, ಪೆಟ್ರೋಲ್ ತುಂಬಿಸಿಕೊಂಡು ಬಂದ ಅಳಿಯನನ್ನು ಗೇಟಿನಲ್ಲೇ ತಡೆದರು.

"ಅಳಿಯಂದ್ರ, ತೈಲದ ಕಾಲ ಮುಗೀತು ನೋಡ್ರಿ. ಅಮೆರಿಕಾದ ಉತ್ಪಾದನೆ 1970ರ ಸುಮಾರಿಗೆ ಶಿಖರ ಮುಟ್ಟಿ ಇಳೀತದ ಅಂತ ಭೂವಿಜ್ಞಾನಿ ಹಬರ್ಟ್ 1956ರಾಗ ಹೇಳಿದ್ದ. ಹಂಗೇ ಆತು."

"ಶೇಲ್ ತೈಲ ಬಂದು 2018ರಾಗ ಆ ದಾಖಲೆ ಮುರೀತಲ್ರೀ ಮಾವಾರ?"

"ಆ ಬಾವಿ ಲಗೂನ ಬತ್ತತಾವ. ನಾವಂತೂ ಕಚ್ಚಾತೈಲದಾಗ ಶೇ. 85ಕ್ಕಿಂತ ಹೆಚ್ಚು ಹೊರಗಿಂದ ತರಸ್ತೀವಿ. ದಾರಿ ತೋರಿಸೋದು ನಮ್ಮ ನಾಗಪುರ!"

ತೋರಿಸಿದ ದಾರಿಗಳೇನು ಕಡಿಮೆಯಿಲ್ಲ. 2014ರಲ್ಲಿ ಸ್ಕ್ಯಾನಿಯಾದ ಎಥೆನಾಲ್ ಬಸ್ಸು ಇಲ್ಲಿ ಓಡಿತು. ಕೆಲವೇ ವರ್ಷಗಳಲ್ಲಿ ಆ ಸೇವೆ ನಿಂತಿತು. 2017ರಲ್ಲಿ ಓಲಾ, ಮಹೀಂದ್ರಾ ಸೇರಿ 200 ವಿದ್ಯುತ್ ವಾಹನಗಳ ಯೋಜನೆ ಸಾರಿದವು. ಚಾರ್ಜಿಂಗ್ ಸಾಲಿನಲ್ಲಿ ಗಂಟೆಗಟ್ಟಲೆ ಕಾದ ಕೆಲವು ಚಾಲಕರು ಡೀಸೆಲ್ ಗಾಡಿಯೇ ವಾಸಿ ಎಂದರು.

"ನನ್ನ ಸ್ಕೂಟರ್ ವಿದ್ಯುತ್ತಿಂದು. ಹೊಗಿನೇ ಇಲ್ಲ," ಮಾವನವರು ಎದೆಯುಬ್ಬಿಸಿದರು.

"ಆ ವಿದ್ಯುತ್ತಿಗಂತ ಕೋರಾಡಿ ಸ್ಥಾವರದೊಳಗ ಕಲ್ಲಿದ್ದಲು ಸುಡತಾರಲ್ರೀ?"

"ಕೋರಾಡಿ ಎಲ್ಲಿ, ರಾಮದಾಸಪೇಠ್ ಎಲ್ಲಿ! ಅದು ಅವರ ಹೊಗಿ. ಅದಿರಲಿ, ಈಗ ಪೆಟ್ರೋಲಿನ್ಯಾಗ ಶೇ. 20 ಎಥೆನಾಲ್ ಅದ. ಕಬ್ಬು, ಮೆಕ್ಕೆಜೋಳ, ಅಕ್ಕಿ, ಎಲ್ಲಾ ನಮ್ಮ ಹೊಲದ್ದು."

"ಆ ಹೊಲಕ್ಕ ಟ್ರ್ಯಾಕ್ಟರ್ ಡೀಸೆಲ್ಲಿಂದು, ಯೂರಿಯಾ ನೈಸರ್ಗಿಕ ಅನಿಲದ್ದು. ಎಥೆನಾಲಿನ ಶಕ್ತಿನೂ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮಿ."

ಮಾವನವರು ಗಡಿಯಾರ ನೋಡಿದರು.

"ಲೆಕ್ಕ ಆಮ್ಯಾಲೆ ಮಾಡೋಣು. ಲಗೂನ ಕಾರ್ ತಗೀರಿ, ವಿಮಾನ ತಪ್ಪತದ. ದೆಹಲಿಯೊಳಗ 'ತೈಲವಿಲ್ಲದ ಭವಿಷ್ಯ' ಅಂತ ನಂದೊಂದು ಭಾಷಣ ಅದ!"